ಮೆಂತೇ ಪಲ್ಲೆ ಕೂಗಿದ ಡಾಕ್ಟರ್

ನಮ್ಮ ವೃದ್ಧಾಶ್ರಮದಾಗ ಎಲ್ಲಾರ ಮುಂಗೈಗೂ ಒಂದೊಂದು ಮಷಿನ್ ಬಳಿ ಐತಿ, ಕೀಲಿಕೈ ಇಲ್ದ ಬಿಚ್ಚೂದಿಲ್ಲ. ದನಿ ಏರಿದ್ರ ಅದು ಕೆಂಪಾಗಿ, ಸಣ್ಣ ಸೂಜಿಲೆ ಶಾಂತ ಮಾಡೂ ಔಷಧ ಚುಚ್ಚತೈತಿ. ನಾನು ಗದಗಿನ ಸಂತ್ಯಾಗ ಸೊಪ್ಪು-ಪಲ್ಲೆ ಮಾರಿದಾಕಿ, ನನ್ನ ಮಾತಽ ಒದರಿದಂಗ. ಹಿಂಗಾಗಿ ದಿನಾ ಚುಚ್ಚಿಸ್ಕೊಂಡು, ಮಂಪರಿನ್ಯಾಗ ಗ್ವಾಡಿ ಹಿಡದು ನಡೀತಿದ್ದೆ. ಬಾಜೂ ಖೋಲಿ ಚನ್ನವೀರಪ್ಪ ಅದಽ ಮಂಪರಿನ್ಯಾಗ ಬಿದ್ದು ಟೊಂಕ ಮುರಕೊಂಡ. ಇನ್ನ ಸುಮ್ಮನಿರಬಾರದು ಅಂತ ಮನಸ್ಸು ಗಟ್ಟಿ ಮಾಡಿದೆ.

ಇವತ್ತ ಈ ಬಳಿಗಳ ಉಸ್ತುವಾರಿ ನೋಡೂ ಡಾಕ್ಟರ್ ಹೊಸಮನಿ ಬರೂ ದಿನ. ತಲಿ ತಿಳಿಯಾಗಿರಲಿ ಅಂತ ಮುಂಜಾನಿಂದ ಬರೇ ಪಿಸುಮಾತು ಆಡಿದೆ.

ಆತ ತಪಾಸಕ್ಕ ನನ್ನ ಬಳಿ ಬಿಚ್ಚಿ, ಕೀಲಿಕೈ ಹಾಸಿಗಿ ಮ್ಯಾಲೆ ಇಟ್ಟ. "ಸಾಹೇಬ್ರ, ಇದನ್ನ ನೀವು ಹಾಕ್ಕೊಂಡು, ಸಂತ್ಯಾಗಿನವರಂಗ 'ಮೆಂತೇ ಪಲ್ಲೆ' ಅಂತ ಒಮ್ಮೆ ಕೂಗ್ರಿ," ಅಂದೆ.

ಮುದುಕಿ ಹಟ ಅಂತ ನಕ್ಕೋತ ಹಾಕ್ಕೊಂಡು, ಓಣಿಗೆಲ್ಲಾ ಕೇಳೂಹಂಗ ಕೂಗಿದ. ಬಳಿ ಕೆಂಪಾತು. "ಉದ್ವೇಗ ಹೆಚ್ಚಾಗಿದೆ. ಔಷಧ ಸಿದ್ಧವಾಗುತ್ತಿದೆ," ಅಂತು.

ಡಾಕ್ಟರ್ ಬಳಿ ಜಗ್ಗಾಡಿದ. "ಬಿಚ್ಚರಿ ಇದನ್ನ! ನನಗೇನೂ ಆಗಿಲ್ಲ, ನಾ ಆರಾಮ ಅದೀನಿ!"

ಹಾಸಿಗಿ ಮ್ಯಾಲಿನ ಕೀಲಿಕೈ ಆಗಲೇ ನನ್ನ ಮುಷ್ಟ್ಯಾಗ ಇತ್ತು. ಕೈಯಾಗ ಬಳಿ ಇರಲಿಲ್ಲ. ಬಾಯಿ ತುಂಬ ಒದರಿದೆ:

"ದಿನಾ ನಾನೂ ಇದನ್ನಽ ಹೇಳ್ತಿದ್ದೆ, ಸಾಹೇಬ್ರ!"