ಒಂದು ಮೊಳ ಹಗ್ಗ

ಹೊಸ ನಾರಿನ ಹಗ್ಗದ ವಾಸನೆ ಬಂದರೆ ನನಗೆ ಈಗಲೂ ಸೂಲಿಬೆಲೆ ಹತ್ತಿರದ ನಮ್ಮ ಕೊಟ್ಟಿಗೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಹಿಂದಿನ ದಿನ ಅಪ್ಪ ಸಂತೆಯಿಂದ ಹಸು ತಂದಿದ್ದರು. ಹಳೆಯ ಮನೆಗೆ ಓಡಿಹೋದೀತೆಂದು ಅದನ್ನು ಗೂಟಕ್ಕೆ ತೀರಾ ಗಿಡ್ಡವಾಗಿ ಕಟ್ಟಿದ್ದರು. ಹಸು ಹುಲ್ಲು ಮುಟ್ಟಿರಲಿಲ್ಲ. ಜಗ್ಗಿ ಜಗ್ಗಿ ಕತ್ತಿನ ಕೂದಲು ಉದುರಿತ್ತು. ಅಡುಗೆಮನೆಯಲ್ಲಿ ಅಕ್ಕನೂ ಮುದ್ದೆ ಮುಟ್ಟಿರಲಿಲ್ಲ. ಹೈಸ್ಕೂಲಿಗೆಂದು ಅವಳನ್ನು ಹೊಸಕೋಟೆಗೆ ಕಳಿಸುವುದಿಲ್ಲ ಎಂದು ಅಪ್ಪ ಬೆಳಿಗ್ಗೆ ಹೇಳಿಬಿಟ್ಟಿದ್ದರು.

ಅಜ್ಜಿ ಬಂದು ಗೂಟದ ಗಂಟು ಬಿಚ್ಚಿ, ಇನ್ನೂ ಒಂದು ಮೊಳ ಹಗ್ಗ ಬಿಟ್ಟು, ಗಂಟನ್ನು ಮತ್ತೆ ಬಿಗಿಯಾಗಿ ಕಟ್ಟಿದಳು.

"ಅವ್ವಾ, ಸಡ್ಲ ಬಿಟ್ರೆ ಕಿತ್ಕೊಂಡು ಹೋಗ್ತದೆ," ಎಂದರು ಅಪ್ಪ.

"ಬಿಚ್ಚಿ ಓಡಿಸ್ದೆ ಅಂದ್ಕೊಂಡ್ಯೇನ್ಲಾ? ಮಲಗಕ್ಕೂ ಆಗ್ದಂಗೆ ಕಟ್ಟಿದ್ರೆ ಅದು ಇದ್ನ ತನ್ನ ಮನೆ ಅಂತ ಹೆಂಗ್ ಅನ್ಕೊಂಡಾತು?"

ಹಸು ಹುಲ್ಲಿಗೆ ಬಾಯಿ ಹಾಕಿತು. ಆಮೇಲೆ ಒಂದು ಸುತ್ತು ತಿರುಗಿ, ಉಸಿರು ಬಿಟ್ಟು ಮಲಗಿತು. ಅಪ್ಪ ಅದನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದರು. ಕೊನೆಗೆ ಅಡುಗೆಮನೆಯ ಕಡೆ ತಿರುಗದೆಯೇ ಕೇಳಿದರು:

"ಹೊಸಕೋಟೆ ಬಸ್ಸು ಎಷ್ಟೊತ್ತಿಗಮ್ಮಾ?"

ಅಕ್ಕ ಒಳಗಿನಿಂದಲೇ ಹೇಳಿದಳು:

"ಎಂಟೂಕಾಲಿಗೆ ಅಪ್ಪಾ. ಸಂಜೆ ಐದೂವರೆಗೆಲ್ಲ ವಾಪಸ್ ಬಂದ್ಬಿಡ್ತದೆ."