ಎಡೆಯ ಮುಂದೆ ಆಟದ ಸುದ್ದಿ

ಭರಮಪ್ಪನ ಮೂರನೆಯ ದಿನದ ಎಡೆಯನ್ನು ಕಾಗೆಗಳು ಮುಟ್ಟಲಿಲ್ಲ. ಗೋರಿಯ ಪಕ್ಕದ ಬೇವಿನ ಮರದಲ್ಲಿ ಕೂತು ಸುಮ್ಮನೆ ನೋಡುತ್ತಿದ್ದವು. ಹೋದವನದು ಏನೋ ಆಸೆ ಉಳಿದೈತಿ ಎಂದು ಮಂದಿ ಗುಸುಗುಸು ಅಂದರು.

“ಯಾವ ಆಸೆ ಅಂತ ಹುಡುಕೂದು ತಂಗಿ?” ಭರಮಪ್ಪನ ಗೆಳೆಯ ಹಾಲೇಶ ಅವನ ಹೆಂಡತಿ ಕರೆವ್ವನಿಗೆ ಅಂದ. “ಹಳೇ ಕಲ್ಲು ನೋಡಾಕ ರಟ್ಟೀಹಳ್ಳಿ ಗುಡಿತನಕ ಸೈಕಲ್ ಹೊಡದಾಂವ. ಊರ ಗ್ವಾಡಿ ಮ್ಯಾಲೆಲ್ಲಾ ಆನಿ, ನವಿಲು ಬರದಾಂವ. ಕಬಡ್ಡಿ ಅಂದ್ರಂತೂ ಉಣ್ಣೂದೂ ಮರೀತಿದ್ದ.”

ಕರೆವ್ವ ತಲೆ ಎತ್ತಿದಳು. ಸವಣೂರಿನಲ್ಲಿ ಊರ ಹುಡುಗರ ಕಬಡ್ಡಿ ಫೈನಲ್ ನಡೆಯುವಾಗಲೇ ಇಲ್ಲಿ ಅವನ ಉಸಿರು ನಿಂತಿತ್ತು. ಅವನು ಆಟದ ಮಾತು ತೆಗೆದಾಗಲೆಲ್ಲ “ಸಾಕ್ ಬಿಡ್ರಿ, ನಿದ್ದಿ ಬರ್ತೈತಿ” ಎನ್ನುತ್ತಿದ್ದವಳು, ಈಗ ಹಾಲೇಶನನ್ನು ಕೇಳಿ ತಿಳಿದು ಗೋರಿಯ ಹತ್ತಿರ ಬಾಗಿದಳು. “ಕೇಳ್ರಿ. ನಮ್ಮೂರ ಹುಡುಗ್ರು ಒಂದ ಪಾಯಿಂಟಿನ್ಯಾಗ ಸೋತ್ರಂತ. ಕಡೀ ರೇಡಿನ್ಯಾಗ ಗೆರಿ ಮುಟ್ಟೂದಿತ್ತಂತ, ಕಾಲು ಹಿಡದ್ರಂತ...”

ಕಾಗೆಯೊಂದು ಇಳಿದು ಅನ್ನ ಕುಕ್ಕಿತು. ಮಂದಿ ಹಗುರಾಗಿ ಎದ್ದರು.

“ಮುಟ್ಟಿತವ್ವಾ, ಏಳು,” ಹಾಲೇಶ ಅಂದ.

ಕರೆವ್ವ ಏಳಲಿಲ್ಲ. “ಕುಂದ್ರಣ್ಣಾ. ಮೊದಲಿನ ಅರ್ಧಾ ಆಟ ಹೆಂಗಾತು, ಅದನ್ನೂ ಹೇಳು. ಅವ್ರ ಜೋಡಿ ನಾನೂ ಕೇಳ್ತೇನಿ.”