ಮೋಡದ ಅಂಗಡಿ

ಗದಗಿನಲ್ಲಿ ಮಾಳಿಗೆಯ ಮೇಲೆ ಮೋಡ ಸಾಕುವವರೆಲ್ಲ ಅವನ್ನು ಆನ್‌ಲೈನ್ ಸಂತೆಯಲ್ಲೇ ಮಾರುತ್ತಿದ್ದರು. ಎರಡು ಮೋಡ ಸಾಕಿದ್ದ ನೀಲಗಂಗವ್ವನಿಗೂ ಸಂತೆಯವರ ಫೋನ್ ಬಂತು. "ಗಿರಾಕಿ ನಾವು ತರ್ತೀವ್ರಿ. ಆದ್ರ ಮೋಡಕ್ಕ ನಮ್ಮ ಹೆಸರಷ್ಟ ಇರತೈತಿ."

"ಸಾಕಿದಾಕಿ ನಾನು, ಹೆಸರು ನಿಮ್ದಾ?" ಎಂದ ನೀಲಗಂಗವ್ವ ಆನ್‌ಲೈನಿನಲ್ಲಿ ತನ್ನದೇ ಅಂಗಡಿ ತೆರೆದಳು.

ತಿಂಗಳಾದರೂ ಯಾರೂ ಕೊಳ್ಳಲಿಲ್ಲ. ಒಂದು ಮೋಡ ಬಿಸಿಲಿಗೆ ಕರಗಿಯೇ ಹೋಯಿತು. ಆದರೂ ಉಳಿದೊಂದಕ್ಕೆ ದಿನಾ ಹಬೆ ಉಣಿಸಿ ಬೆಳೆಸಿದಳು. ಕೊನೆಗೆ ಕೊಪ್ಪಳದ ಶಾಲೆಯೊಂದು, ಮಕ್ಕಳು ನೆನೆದು ಕುಣಿಯಲೆಂದು ಅದನ್ನು ಕೊಂಡಿತು.

ಹಗ್ಗ ಬಿಚ್ಚಿದಾಗ ಮೋಡ ತುಂಬು ಬಸುರಿಯಂತೆ ನಿಧಾನವಾಗಿ ಓಣಿಯ ಮೇಲೆ ಸಾಗಿತು. ಕಟ್ಟೆಗೆ ಕುಳಿತವರು ತಲೆಯೆತ್ತಿ, "ನೋಡ್ರಿ, ನಮ್ಮ ನೀಲಗಂಗವ್ವನ ಮೋಡ ಹೊಂಟೈತಿ!" ಎಂದು ಕೂಗಿದರು. ನೀಲಗಂಗವ್ವ ಸೆರಗು ಸರಿಪಡಿಸಿಕೊಂಡು, ಎಲ್ಲರಿಗೂ ಕಾಣುವಂತೆ ಮಾಳಿಗೆಯ ಅಂಚಿಗೆ ಬಂದು ನಿಂತಳು.